ಕೈಬಿಟ್ಟ ಕೆಲಸಕ್ಕೆ ಹೆಗಲು ಕೊಟ್ಟವರು

ಬಾವಿ ತೋಡಿಸಿದವನು ಊರು ಬಿಟ್ಟುಹೋದರೆ ಅದರ ಹೂಳೆತ್ತುವ ಹೊಣೆ ಯಾರದು? ಹಳ್ಳಿಗಳಿಗೆ ಹಳೆಯದಾದ ಈ ಪ್ರಶ್ನೆ ಇಂದು ಕೈಯಲ್ಲಿರುವ ಮೊಬೈಲ್ ಫೋನಿನ ವಿಷಯದಲ್ಲಿಯೂ ಎದುರಾಗಿದೆ.

ಸ್ಲೊವಾಕಿಯಾ ದೇಶದ ಟಿಬೋರ್ ಕಪುಟಾ ಎಂಬ ತಂತ್ರಜ್ಞರು 'ಸಿಂಪಲ್ ಮೊಬೈಲ್ ಟೂಲ್ಸ್' ಎಂಬ ಹೆಸರಿನಲ್ಲಿ ಆಂಡ್ರಾಯ್ಡ್ ಫೋನುಗಳಿಗಾಗಿ ಚಿತ್ರಸಂಗ್ರಹ, ಕ್ಯಾಲೆಂಡರ್, ಸಂಪರ್ಕ ಪಟ್ಟಿ, ಟಿಪ್ಪಣಿ ಮೊದಲಾದ ಆ್ಯಪ್‌ಗಳನ್ನು ರಚಿಸಿದರು. ಅವುಗಳಲ್ಲಿ ಜಾಹೀರಾತು ಇರಲಿಲ್ಲ. ಬೇಡದ ಅನುಮತಿಗಳನ್ನು ಅವು ಕೇಳುತ್ತಿರಲಿಲ್ಲ. ಅವುಗಳ ಮೂಲ ಬರಹವು ಎಲ್ಲರಿಗೂ ತೆರೆದಿದ್ದುದರಿಂದ ಅನೇಕ ಸ್ವಯಂಸೇವಕರು ದೋಷಗಳನ್ನು ತಿದ್ದಿದರು, ತಮ್ಮ ನುಡಿಗೆ ಅನುವಾದಿಸಿದರು. 2023ರ ಕೊನೆಯಲ್ಲಿ ಅವು ಜಿಪೋಆ್ಯಪ್ಸ್ ಎಂಬ ಸಂಸ್ಥೆಗೆ ಮಾರಾಟವಾದುವು. ಕೈಬದಲಾದದ್ದು ಹೆಸರು ಮಾತ್ರವಲ್ಲ. ಬಳಕೆದಾರರ ಫೋನಿಗೆ ಹೊಸ ಆವೃತ್ತಿಯನ್ನು ಕಳುಹಿಸುವ ಅಧಿಕಾರವೂ ಹೌದು. ಒಬ್ಬರನ್ನು ನಂಬಿ ತಮ್ಮ ಚಿತ್ರ, ಸಂದೇಶಗಳನ್ನು ಒಪ್ಪಿಸಿದವರು ತಾವರಿಯದ ಮತ್ತೊಬ್ಬರ ಆಶ್ರಯಕ್ಕೆ ಬಂದರು.

ಆದರೆ ಮಾರಲಾಗದ್ದೂ ಒಂದಿತ್ತು. ಆ ಆ್ಯಪ್‌ಗಳು ಜಿಪಿಎಲ್ ಎಂಬ ಪರವಾನಗಿಯಡಿ ಪ್ರಕಟವಾಗಿದ್ದುವು. ಒಮ್ಮೆ ಅದರಡಿ ನೀಡಿದ ಬರಹವನ್ನು ಯಾರಾದರೂ ಪಡೆಯಬಹುದು, ತಿದ್ದಬಹುದು. ತಿದ್ದಿದ್ದನ್ನು ಹಂಚುವವರು ಅದರ ಮೂಲವನ್ನೂ ಅದೇ ಪರವಾನಗಿಯಡಿ ಕೊಡಬೇಕು. ಈ ಹಕ್ಕಿನ ಬಲದಿಂದ, ಹಿಂದೆ ನೆರವಾಗಿದ್ದವರೇ 'ಫಾಸಿಫೈ' ಎಂಬ ಹೊಸ ಕವಲನ್ನು ಆರಂಭಿಸಿದರು.

ಕವಲೊಡೆಯುವುದು ಸುಲಭವಲ್ಲ. ಮೂಲ ಕರ್ತೃವಿನ ಸಹಿಯ ಕೀಲಿಯಿಲ್ಲದೆ ಹಳೆಯ ಆ್ಯಪನ್ನು ನವೀಕರಿಸಲು ಆಂಡ್ರಾಯ್ಡ್ ಬಿಡುವುದಿಲ್ಲ. ಆದ್ದರಿಂದ ಹೊಸ ಹೆಸರು, ಹೊಸ ಕೀಲಿ ಅನಿವಾರ್ಯ. ಬಳಕೆದಾರನು ತಾನೇ ಹುಡುಕಿ, ಹೊಸದನ್ನು ಹಾಕಿಕೊಂಡು, ಹಳೆಯದರಲ್ಲಿದ್ದುದನ್ನು ಸಾಗಿಸಿಕೊಳ್ಳಬೇಕು. ಸುದ್ದಿ ತಿಳಿಯದವರು ಹಿಂದೆಯೇ ಉಳಿಯುತ್ತಾರೆ.

ಕವಲಿಗೂ ಪರೀಕ್ಷೆ ತಪ್ಪಿದ್ದಲ್ಲ. ಮ್ಯಾಪ್ಸ್.ಮಿ ಎಂಬ ನಕ್ಷೆಯ ಆ್ಯಪ್ 2020ರಲ್ಲಿ ಹೊಸ ಒಡೆತನಕ್ಕೆ ಹೋದಾಗ, ಅದನ್ನು ಮೊದಲು ಕಟ್ಟಿದವರಲ್ಲಿ ಕೆಲವರು 'ಆರ್ಗ್ಯಾನಿಕ್ ಮ್ಯಾಪ್ಸ್' ಅನ್ನು ರೂಪಿಸಿದರು. 2025ರಲ್ಲಿ ಅದರ ಆಡಳಿತದಲ್ಲಿಯೂ ಹಣದ ವಿಷಯದಲ್ಲಿಯೂ ಪಾರದರ್ಶಕತೆ ಸಾಲದೆಂದು ಕೆಲವು ಸ್ವಯಂಸೇವಕರು ಬಹಿರಂಗವಾಗಿ ಹೇಳಿ, 'ಕೋಮ್ಯಾಪ್ಸ್' ಎಂಬ ಮತ್ತೊಂದು ಕವಲನ್ನು ತೆಗೆದರು. ಹತ್ತು ಜನರ ಶ್ರಮದಿಂದಲೂ ದೇಣಿಗೆಯಿಂದಲೂ ನಡೆಯುವ ಯಾವುದೇ ಕಾರ್ಯಕ್ಕೆ ಇದು ಎಚ್ಚರಿಕೆ. ಲೆಕ್ಕ ತೋರಿಸುವುದು ಅಪನಂಬಿಕೆಗೆ ಉತ್ತರವಲ್ಲ, ನಂಬಿಕೆಗೆ ಸಲ್ಲಿಸುವ ಗೌರವ.

ಕರ್ತೃವನ್ನು ದೂಷಿಸಿ ಸುಮ್ಮನಾಗುವುದು ನ್ಯಾಯವಲ್ಲ. ವರ್ಷಗಟ್ಟಲೆ ದುಡಿದವನಿಗೂ ದಣಿವಿದೆ, ಸಂಸಾರವಿದೆ. ಬಳಸಿದವರಲ್ಲಿ ಎಷ್ಟು ಮಂದಿ ಅವನ ಹೊರೆಯನ್ನು ವಿಚಾರಿಸಿದರು? ಪರವಾನಗಿ ಹಕ್ಕನ್ನು ಕೊಡಬಲ್ಲದು, ದುಡಿಯುವ ಕೈಗಳನ್ನು ಕೊಡಲಾರದು. ದೋಷವನ್ನು ಸೌಜನ್ಯದಿಂದ ತಿಳಿಸುವುದು, ನಾಲ್ಕು ಸಾಲು ಅನುವಾದಿಸುವುದು, ಕೈಲಾದಷ್ಟು ಹಣ ನೀಡುವುದು, ಇವು ಬಳಸುವವರಿಂದ ಆಗಬಹುದಾದ ಕೆಲಸಗಳು. ಆ್ಯಪ್ ನಿಂತುಹೋದ ಮೇಲೆ ಮರುಗುವುದಕ್ಕಿಂತ, ನಡೆಯುತ್ತಿರುವಾಗಲೇ ಇವನ್ನು ಮಾಡುವುದು ಲೇಸು.