ಬಂದೈತಿ, ಬಂದಿಲ್ಲ, ಬರೂದಿಲ್ಲ

ಹಳೇ ಕಾಮಿಕ್ಸ್ ಮಾರುವವರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮೊನ್ನೆ ಒಂದು ಫೋಟೊ ಬಿತ್ತು. ಕನ್ನಡದ ಇಂದ್ರಜಾಲ ಕಾಮಿಕ್ಸ್. ಕೇಸರಿ ಕುರ್ತಾ, ಜೀನ್ಸ್ ಪ್ಯಾಂಟಿನ ಬಹಾದ್ದೂರ್ ಮುಖಪುಟದ ತುಂಬ ನಿಂತಿದ್ದಾನೆ. ಮೂಲೆ ಮಡಚಿಲ್ಲ, ಬಣ್ಣ ಮಾಸಿಲ್ಲ. ಜೀವ ಝಲ್ ಎಂದಿತು. ಕೆಳಗೆ ಒಂದೇ ಸಾಲು: ‘ಬೆಲೆಗೆ ಇನ್‌ಬಾಕ್ಸ್ ಮಾಡಿ.’ ಆಗ ಎದ್ದ ಸಿಟ್ಟು ಇನ್ನೂ ಇಳಿದಿಲ್ಲ. ಬೆಲೆ ಮುಚ್ಚಿಡುವ ವ್ಯಾಪಾರ ದನದ ಸಂತೆಯಲ್ಲಿ ಸರಿ. ಅಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಮಾತಾಡುವುದಕ್ಕೆ ಒಂದು ಗತ್ತಾದರೂ ಇದೆ. ಮಕ್ಕಳ ಪುಸ್ತಕಕ್ಕೆ ಯಾಕಪ್ಪಾ ಈ ಗುಟ್ಟು?

ಚಿಕ್ಕೋಡಿ ಬಸ್‌ಸ್ಟ್ಯಾಂಡಿನಿಂದ ಕೂಗಳತೆಯಲ್ಲಿರುವ ನನ್ನ ಹಳೇ ಪುಸ್ತಕದ ಅಂಗಡಿಯ ಮುಂದೆ ಒಂದು ಕರಿಹಲಗೆ ಇದೆ. ಶಾಲೆಯೊಂದು ಹೊಸ ಬೋರ್ಡು ಹಾಕಿಸಿಕೊಂಡಾಗ ತೆಗೆದು ಹಾಕಿದ್ದು. ಒಂದು ಮೂಲೆಯಲ್ಲಿ ಇನ್ನೂ ‘ಹಾಜರಿ’ ಅಂತ ಬಿಳಿ ಪೇಂಟಿನ ಅಕ್ಷರಗಳಿವೆ. ಅದರ ಮೇಲೆ ಮೂರು ಕಾಲಮ್ಮು ಎಳೆದಿದ್ದೇನೆ: ಬಂದೈತಿ, ಬಂದಿಲ್ಲ, ಬರೂದಿಲ್ಲ. ನನ್ನ ವ್ಯಾಪಾರದ ವಿದ್ಯೆಯೆಲ್ಲ ಇಷ್ಟೇ. ಒಂದನೆಯದರಲ್ಲಿ ಪುಸ್ತಕದ ಹೆಸರಿನ ಪಕ್ಕ ರೇಟು ಇರುತ್ತದೆ, ರಸ್ತೆಯಲ್ಲಿ ಹೋಗುವವರಿಗೂ ಕಾಣುವಷ್ಟು ದಪ್ಪಗೆ. ಹುಡುಗನೊಬ್ಬ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಕಿಸೆಯಲ್ಲಿ ಕೈಹಾಕಿ ಲೆಕ್ಕ ಮಾಡಿಕೊಳ್ಳಬೇಕು. ಒಳಗೆ ಬಂದು ಕೇಳಿ, ಮುಖ ಸಣ್ಣದು ಮಾಡಿಕೊಂಡು ಹೋಗುವ ಹಾಗೆ ಆಗಬಾರದು.

ಎರಡನೆಯ ಕಾಲಮ್ಮಿನ ಬಗ್ಗೆ ನನ್ನ ವ್ಯಾಪಾರದವರ ಜೊತೆ ಹಳೆಯ ಜಗಳವಿದೆ. ಅಂಗಡಿಕಾರರ ಬಾಯಲ್ಲಿ ‘ಬಂದಿಲ್ಲ’ ಅನ್ನುವ ಮಾತು ಹೊರಡುವುದೇ ಇಲ್ಲ. ‘ನಾಳೆ ಬರ್ತೈತಿ’, ‘ಪಾರ್ಸಲ್ ಬೆಳಗಾವಿಗೆ ಬಂದೈತಿ’, ‘ಐತವಾರ ಬಾ ತಮ್ಮಾ’ ಎನ್ನುತ್ತಾರೆ. ಆ ತಮ್ಮ ಸದಲಗಾದಿಂದಲೋ ಯಕ್ಸಂಬಾದಿಂದಲೋ ಬಸ್ಸಿಗೆ ದುಡ್ಡು ಕೊಟ್ಟು ಬಂದವನು. ಐತವಾರ ಬಂದರೆ ಮತ್ತೆ ಸೋಮವಾರದ ಮಾತು. ಹೀಗೆ ಓಡಾಡಿಸಿದರೆ ಗಿರಾಕಿ ಕೈತಪ್ಪುವುದಿಲ್ಲ ಎಂದು ಅವರ ವಾದ. ಗಿರಾಕಿಗೆ ಕಾಲು ಸೋಲುತ್ತದೆ ಎಂದು ನನ್ನದು. ಬಾರದ್ದನ್ನು ಬಂದಿಲ್ಲ ಎಂದು ಬರೆಯುವುದಕ್ಕೆ ಒಂದು ತುಂಡು ಸುಣ್ಣದ ಕಡ್ಡಿ ಸಾಕು.

ಆದರೆ ಜನ ನಿಂತು ಓದುವುದು ಮೂರನೆಯ ಕಾಲಮ್ಮನ್ನೇ. ಅದರ ತುದಿಯಲ್ಲಿ ಯಾವಾಗಲೂ ಇಂದ್ರಜಾಲ ಇರುತ್ತದೆ. 1964ರ ಮಾರ್ಚಿನಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ 60 ಪೈಸೆಗೆ ಶುರು ಮಾಡಿ 1990ರಲ್ಲಿ ಬಾಗಿಲು ಹಾಕಿದ್ದು. ಅದರ ಕೆಳಗೆ ಚಂದಮಾಮ. ಮದ್ರಾಸಿನಿಂದ 1948ರಲ್ಲಿ ಕನ್ನಡಕ್ಕೆ ಬಂದು, ಮೂರು ತಲೆಮಾರಿಗೆ ಅಕ್ಷರದ ರುಚಿ ಹತ್ತಿಸಿ ನಿಂತುಹೋದದ್ದು. ಬರೂದಿಲ್ಲ ಎಂದು ಬರೆದಿದ್ದರೂ ಮಂದಿ ಒಳಗೆ ಬಂದು ಕೇಳುತ್ತಾರೆ: ‘ಖರೇನ ಬರೂದಿಲ್ಲೇನ್ರಿ ಕಾಕಾ?’ ‘ಇಲ್ಲ ನೋಡ್ರಿ.’ ಆಮೇಲೆ ಒಂದು ಗಳಿಗೆ ಸುಮ್ಮನೆ ನಿಂತು, ನಾನು ಕಾಯುತ್ತಿದ್ದ ಮಾತನ್ನು ಆಡುತ್ತಾರೆ: ‘ನಮ್ಮ ಅಟ್ಟದ ಮ್ಯಾಲ ಒಂದ್ ಗಂಟ ಇರಬೇಕ್ರಿ.’ ಅಲ್ಲಿಗೆ ಮೂರನೆಯ ಕಾಲಮ್ಮಿನದು ಒಂದನೆಯದಕ್ಕೆ ಏರುತ್ತದೆ. ಈ ಉಪಾಯವನ್ನು ಅಥಣಿಯ ಗೆಳೆಯನೊಬ್ಬನಿಗೆ ಹೇಳಿಕೊಟ್ಟೆ. ‘ಇಲ್ಲದ್ದನ್ನ ಬರದು ಅಂಗಡಿ ಮುಂದ ಯಾಂವ ಹಾಕ್ತಾನೋ ಮಾರಾಯಾ’ ಎಂದು ನಕ್ಕ. ಅವನ ಅಂಗಡಿಗೆ ಅಟ್ಟದ ಗಂಟು ಬರುವುದಿಲ್ಲ.

ನಮ್ಮ ಕಡೆ ಇದನ್ನೆಲ್ಲ ಎರಡು ಭಾಷೆಯಲ್ಲಿ ಮಾಡಬೇಕು. ನಿಪ್ಪಾಣಿಯಿಂದ ಬರುವ ಅಜ್ಜ ಚಂದಮಾಮ ಕೇಳುವುದಿಲ್ಲ, ‘ಚಾಂದೋಬಾ’ ಕೇಳುತ್ತಾನೆ. ಅದೇ ಚಂದಮಾಮ, 1952ರಿಂದ ಮರಾಠಿ ಹೆಸರಿನಲ್ಲಿ ಬರುತ್ತಿದ್ದದ್ದು. ಮರಾಠಿ ಇಂದ್ರಜಾಲದಲ್ಲಿ ಫ್ಯಾಂಟಮ್ಮನ ಹೆಸರು ವೇತಾಳ. ಹಾಗಾಗಿ ಯಾರಾದರೂ ‘ವೇತಾಳ ಐತೇನ್ರಿ?’ ಎಂದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ವಿಚಾರಿಸುತ್ತೇನೆ: ‘ಯಾವ ವೇತಾಳ್ರಿ? ಗಿಡದಾಗ ಜೋತಾಡೂದೋ, ಬಿಳೀ ಕುದರಿ ಮ್ಯಾಲ ಕುಂಡ್ರೂದೋ?’ ಕನ್ನಡ-ಮರಾಠಿ ನಾಡುಗಳ ಗಡಿ ಎಲ್ಲಿ ಹಾಯಬೇಕು ಎಂದು ಆಯೋಗ ಕೂತು ವರದಿ ಬರೆದದ್ದು 1967ರಲ್ಲಿ. ನನ್ನ ಅಂಗಡಿಯಲ್ಲಿ ಈ ಎರಡು ವೇತಾಳಗಳ ನಡುವಿನ ಗಡಿಯನ್ನು ದಿನಾ ನಾನೇ ಎಳೆಯಬೇಕು. ಗಿಡದ ವೇತಾಳನೇ ಒಂದು ಕೈ ಹೆಚ್ಚು ಎಂದು ನನ್ನ ತೀರ್ಪು. ಹೆಗಲ ಮೇಲೆ ಹೆಣ, ಕೈಯಲ್ಲಿ ಖಡ್ಗ ಹಿಡಿದ ವಿಕ್ರಮನ ಆ ಚಿತ್ರವನ್ನು ಚಂದಮಾಮಕ್ಕೆ ಬರೆಯುತ್ತ ಬಂದ ಕಲಾವಿದ ಶಂಕರ್ 2020ರಲ್ಲಿ ತೀರಿಕೊಂಡರು. ಆ ದಿನ ಹಲಗೆಯನ್ನೆಲ್ಲ ಒರೆಸಿ ಅವರ ಹೆಸರೊಂದನ್ನೇ ಬರೆದಿದ್ದೆ.

ಹಲಗೆ ಊರಿನವರಿಗಾಯಿತು. ಕುಡಚಿ, ಉಗಾರ, ರಾಯಬಾಗದವರಿಗೆ ಕಾರ್ಡು ಬರೆಯುತ್ತೇನೆ. ಹೌದು, ಅಂಚೆ ಕಾರ್ಡು, 50 ಪೈಸೆಯದು. ವಾಟ್ಸ್‌ಆ್ಯಪ್ ಸ್ಟೇಟಸ್ 24 ತಾಸಿಗೆ ಮಾಯವಾಗುತ್ತದೆ. ಕಾರ್ಡು ಗೋಡೆಯ ತಂತಿಗೆ ಚುಚ್ಚಿಕೊಂಡು ವರ್ಷಗಟ್ಟಲೆ ಇರುತ್ತದೆ. ಇನ್ನೂ ದೊಡ್ಡ ಲಾಭವೆಂದರೆ ಅದನ್ನು ವಿಳಾಸದವರೊಬ್ಬರೇ ಓದುವುದಿಲ್ಲ. ಅಂಚೆಯವರು ಓದುತ್ತಾರೆ, ಅವರು ಚಹಾಕ್ಕೆ ನಿಂತಲ್ಲಿ ನಾಲ್ಕು ಜನ ಓದುತ್ತಾರೆ, ಮನೆಯಲ್ಲಿ ಸೊಸೆ ಓದಿ ಮಾವನಿಗೆ ಹೇಳುತ್ತಾಳೆ. ಒಮ್ಮೆ ನಾನು ಕಾರ್ಡು ಹಾಕಿದವರು ಬರಲೇ ಇಲ್ಲ, ಅವರ ಓಣಿಯ ಮೂವರು ಬಂದರು. ಕಾರ್ಡಿನಲ್ಲಿ ಪುಸ್ತಕದ ಹೆಸರು, ರೇಟು, ಪುಟ ಹರಿದಿದ್ದರೆ ಎಷ್ಟು ಹರಿದಿದೆ ಎಂಬುದು, ಮತ್ತೆ ಒಂದು ಸಾಲು ಕತೆ. ಕತೆಯ ಕೊನೆ ಮಾತ್ರ ಹೇಳುವುದಿಲ್ಲ. ಕಬ್ಬಿನ ಬಿಲ್ಲು ಬರುವ ತಿಂಗಳು ನೋಡಿಕೊಂಡು ಹಾಕಿದರೆ ಕಾರ್ಡು ಹುಸಿಹೋಗುವುದಿಲ್ಲ.

ಓದುಗರ ಮನೆ ಬಾಗಿಲಿಗೆ ಸುದ್ದಿ ಮುಟ್ಟಿಸುವ ಈ ಚಾಳಿ ಕನ್ನಡಕ್ಕೆ ಹೊಸದಲ್ಲ. ಗಳಗನಾಥರು ಕಾದಂಬರಿ ಬರೆದದ್ದಲ್ಲದೆ ಅವುಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಅವರು ಯಾರಿಗೂ ‘ಬೆಲೆ ಆಮೇಲೆ ಹೇಳುತ್ತೇನೆ’ ಅಂದಿರಲಾರರು.

ಮತ್ತೆ ಅಲ್ಲಿಗೇ ಬಂದೆ. ಬೆಲೆ ಮುಚ್ಚಿಡುವ ಈ ಹೊಸ ಪಂಗಡದವರಿಗೆ ಇನ್ನೊಂದು ಕಾಯಿಲೆಯಿದೆ: ಪ್ಲಾಸ್ಟಿಕ್. ಪುಸ್ತಕ ಸಿಕ್ಕ ಕೂಡಲೇ ಕವರಿನಲ್ಲಿ ಹಾಕಿ, ಬಾಯಿಗೆ ಸೆಲ್ಲೊಟೇಪು ಬಡಿದುಬಿಡುತ್ತಾರೆ. ಒಳಗೆ ಏನಾಗುತ್ತದೆ ಎಂದು ತೆರೆದು ನೋಡಿದವರು ಕಡಿಮೆ. ಹಳೆಯ ಕಾಮಿಕ್ಸಿನ ಶತ್ರು ಅದರ ಹೊಟ್ಟೆಯಲ್ಲೇ ಇರುವ ಎರಡು ಪಿನ್ನು. ಮಳೆಗಾಲದ ತಂಪು ಕವರಿನೊಳಗೆ ಸಿಕ್ಕಿಕೊಂಡರೆ ಪಿನ್ನು ತುಕ್ಕು ಹಿಡಿದು, ನಡುಪುಟದಲ್ಲಿ ಕಂದು ಕಲೆ ಬಿದ್ದು, ಕಾಗದ ಅಲ್ಲೇ ಪುಡಿಯಾಗುತ್ತದೆ. ನಾನು ಪುಸ್ತಕ ಬಂದ ದಿನವೇ ನಡುಪುಟ ಬಿಚ್ಚಿ, ಮೊಂಡು ಚಾಕುವಿನ ತುದಿಯಿಂದ ಪಿನ್ನಿನ ಎರಡು ಕಾಲು ನೆಟ್ಟಗೆ ಮಾಡಿ, ಬೆನ್ನ ಕಡೆಯಿಂದ ಮೆಲ್ಲಗೆ ಎಳೆಯುತ್ತೇನೆ. ಅವೇ ತೂತಿನಲ್ಲಿ ಬಿಳೀ ಹತ್ತಿ ದಾರ ಪೋಣಿಸಿ, ಗಂಟು ಒಳಗೆ ಬರುವಂತೆ ಕಟ್ಟುತ್ತೇನೆ. ಮೈದಾ ಅಂಟು ಮುಟ್ಟಿಸುವುದಿಲ್ಲ, ಅದು ಹುಳಕ್ಕೆ ಊಟವಿಟ್ಟಂತೆ. ಗ್ರೂಪಿನ ಪಂಡಿತರೊಬ್ಬರು ಇದನ್ನು ಕೇಳಿ ‘ಒರಿಜಿನಲ್ ಪಿನ್ ಹೋದರೆ ವ್ಯಾಲ್ಯೂ ಹೋಯಿತು’ ಎಂದು ಬರೆದರು. ತುಕ್ಕಿಗೆ ಬೆಲೆ ಕಟ್ಟುವವರಿಗೆ ನಾನೇನು ಹೇಳಲಿ? ಅವರ ಕಪಾಟಿನ ಪುಸ್ತಕವನ್ನು ಯಾವ ಮಗುವೂ ತೆರೆಯುವುದಿಲ್ಲ. ಅವರೂ ತೆರೆಯುವುದಿಲ್ಲ. ಒಬ್ಬರ ಕವರು ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಹೋಗುತ್ತ ರೇಟು ಏರುತ್ತದೆ, ಒಳಗೆ ಕಾಗದ ಪುಡಿಯಾಗುತ್ತದೆ. ಇದಕ್ಕೆ ಕಾಮಿಕ್ಸೇ ಯಾಕೆ ಬೇಕು? ಖಾಲಿ ಕವರು ಮಾರಿಕೊಂಡರೂ ನಡೆಯುತ್ತದಲ್ಲ!

ಸಿಟ್ಟು ಸಾಕು. ನಿಜವಾಗಿ ನನ್ನ ನಿದ್ದೆ ಕೆಡಿಸುವ ಸಂಗತಿ ಬೇರೆ ಇದೆ. ಇಂಗ್ಲಿಷಿನ ಅಮರ ಚಿತ್ರ ಕಥೆ ಶುರುವಾಗುವುದು ‘ಕೃಷ್ಣ’ನಿಂದ, ಆದರೆ ಅವನ ಸಂಖ್ಯೆ 11. ಹತ್ತು ವರ್ಷದ ಗಿರಾಕಿಗಳು ಇದನ್ನು ತಟ್ಟನೆ ಹಿಡಿಯುತ್ತಾರೆ: ‘ಕಾಕಾ, ಒಂದರಿಂದ ಹತ್ತು ಎಲ್ಲಿ?’ ಅಮರ ಚಿತ್ರ ಕಥೆ ಅಂದರೆ ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ, 1967, ದೆಹಲಿಯ ದೂರದರ್ಶನದಲ್ಲಿ ರಾಮನ ತಾಯಿಯ ಹೆಸರು ಗೊತ್ತಿಲ್ಲದ ಮಕ್ಕಳು. ಈ ಕತೆ ಎಲ್ಲರಿಗೂ ಬಾಯಿಪಾಠ. ಅದಕ್ಕೂ ಮೊದಲು, 1965ರಲ್ಲಿ, ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಈ ಸರಣಿಯನ್ನು ಕನ್ನಡದಲ್ಲಿ ತಂದಿದ್ದರು ಎಂಬ ಸಂಗತಿ ಹೇಳುವವರಿಲ್ಲ. ಆಗ ಬಂದವು ಪರದೇಶದ ಕತೆಗಳು: ಸಿಂಡ್ರೆಲ್ಲಾ, ಸ್ನೋ ವೈಟ್, ಅಲ್ಲಾದೀನ್, ಪಿನೋಕಿಯೊ. ಒಂದರಿಂದ ಹತ್ತರ ಜಾಗ ಅವುಗಳದು. ಕನ್ನಡದಲ್ಲಿ ಅವು ಓಡಿದ ಮೇಲೆಯೇ ಕೃಷ್ಣನ ಸರದಿ. ಇಡೀ ದೇಶ ಓದಿದ ಸರಣಿಯ ಮೊದಲ ಮೆಟ್ಟಿಲು ಕನ್ನಡದ್ದು ಎಂದು ಹುಡುಗರಿಗೆ ಹೇಳುವಾಗ ನನ್ನ ದನಿ ತಾನಾಗಿ ಏರುತ್ತದೆ, ಹೆಂಡತಿ ಒಳಗಿನಿಂದ ‘ಯಾರ ಕೂಡ ಜಗಳ್ರಿ?’ ಎಂದು ಕೇಳುತ್ತಾಳೆ. ಮುಂದೆ ಮರುಮುದ್ರಣದಲ್ಲಿ ಸಂಖ್ಯೆಗಳನ್ನೇ ಬದಲಿಸಿ ಕೃಷ್ಣನನ್ನು 501 ಮಾಡಿದರು. ಹೊಸ ಪ್ರತಿ ಹಿಡಿದ ಮಕ್ಕಳಿಗೆ ಆ ಪ್ರಶ್ನೆಯೂ ಹುಟ್ಟುವುದಿಲ್ಲ, ಖಾಲಿ ಜಾಗವೇ ಅಳಿಸಿಹೋಯಿತು.

ಆ ಹತ್ತನ್ನು ಕೊಲ್ಹಾಪುರದ ರದ್ದಿ ಅಂಗಡಿಗಳಲ್ಲಿ ಹುಡುಕಿದ್ದೇನೆ, ಮಿರಜಿನಲ್ಲಿ ಹುಡುಕಿದ್ದೇನೆ, ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಮೊಣಕಾಲೂರಿ ಹುಡುಕಿದ್ದೇನೆ. ಒಂದೂ ಕಣ್ಣಿಗೆ ಬಿದ್ದಿಲ್ಲ. ಮೂರನೆಯ ಕಾಲಮ್ಮಿನಲ್ಲಿ ಅವುಗಳ ಹೆಸರು ಬರೆದಿಟ್ಟಿದ್ದೇನೆ. ಸುಣ್ಣದ ಅಕ್ಷರ ಮಳೆಗೆ ತೊಳೆದುಹೋದಾಗಲೆಲ್ಲ ಮತ್ತೆ ಬರೆಯುತ್ತೇನೆ.

ಓದುಗರೇ, ನಿಮ್ಮ ಅಟ್ಟದ ಮೇಲೆ, ಅಜ್ಜಿಯ ಟ್ರಂಕಿನ ತಳದಲ್ಲಿ 1965ರ ಕನ್ನಡದ ಸಿಂಡ್ರೆಲ್ಲಾ ಇದ್ದರೆ ರದ್ದಿಯವನ ತಕ್ಕಡಿಗೆ ಹಾಕಬೇಡಿ. ಫೋಟೊ ಕಳಿಸಬೇಡಿ, ಕವರಿಗೆ ಹಾಕಬೇಡಿ, ಇದ್ದ ಹಾಗೇ ತೆಗೆದುಕೊಂಡು ಬನ್ನಿ. ನಾನು ಕೊಡುವ ರೇಟನ್ನು ಎಲ್ಲರೆದುರಿಗೆ ಹಲಗೆಯ ಮೇಲೆ ಬರೆದು ತೋರಿಸುತ್ತೇನೆ. ಪಿನ್ನು ಮಾತ್ರ ನೀವು ಕೀಳಬೇಡಿ, ಅದು ನನ್ನ ಕೆಲಸ.