ಬಾಗಿಲ ಹ್ಯಾಂಡಲ್

ಬಾಂದ್ರಾದಿಂದ ದಾದರ್ ಕಡೆ ಹೋಗಲು ರಿಕ್ಷಾ ಸಿಗುವುದಿಲ್ಲ. ರಿಕ್ಷಾದ ಗಡಿ ಬಾಂದ್ರಾದಲ್ಲೇ ಮುಗಿಯುತ್ತದೆ. ಮುಂದೆ ಟ್ಯಾಕ್ಸಿಯದ್ದೇ ರಾಜ್ಯ. ನಾನು ಚಿಕ್ಕವನಿದ್ದಾಗ ಟ್ಯಾಕ್ಸಿಯೆಂದರೆ ಪ್ರೀಮಿಯರ್ ಪದ್ಮಿನಿ. ಮುಂಬಯಿಯವರ ಬಾಯಲ್ಲಿ ಮಾತ್ರ ಅದು ಕೊನೆಯವರೆಗೂ 'ಫಿಯಟ್'. ವರ್ಷಕ್ಕೊಮ್ಮೆ ಮದುವೆಗೋ ಪೂಜೆಗೋ ಟ್ಯಾಕ್ಸಿ ಹತ್ತಿದಾಗ ಸೋದರಮಾವ ಬಾಗಿಲ ಹ್ಯಾಂಡಲನ್ನು ಎರಡು ಸಲ ಎಳೆದು ನೋಡುತ್ತಿದ್ದರು. "ಇದು ನಮ್ಮದು ಮಾರಾಯಾ" ಎನ್ನುತ್ತಿದ್ದರು. ಡ್ರೈವರ್ ಬೈಯುತ್ತಿದ್ದ.

ಮಾವ ಹದಿನಾಲ್ಕನೇ ವಯಸ್ಸಿಗೆ ಕಾರ್ಕಳದ ಕಡೆಯಿಂದ ಬಂದವರು. ಹೋಟೆಲಿನಲ್ಲಿ ಗ್ಲಾಸು ತೊಳೆದು, ಕನ್ನಡ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಕುರ್ಲಾದ ಒಂದು ಸಣ್ಣ ಕಾರ್ಖಾನೆ ಸೇರಿದರು. ಪ್ರೀಮಿಯರ್ ಆಟೋಮೊಬೈಲ್ಸ್ ಕುರ್ಲಾದಲ್ಲೇ ಇತ್ತು. ಮಾವನ ಕಾರ್ಖಾನೆ ಆ ಕಾರಿನ ಬಿಡಿಭಾಗ ಮಾಡುತ್ತಿತ್ತು. ಹೋಟೆಲು ಬಿಟ್ಟು 'ಕಂಪನಿ' ಸೇರಿದವನಿಗೆ ಊರಿನಲ್ಲಿ ಹೆಣ್ಣು ಕೊಡುತ್ತಿದ್ದ ಕಾಲ ಅದು.

1983ರ ಕೊನೆಗೆ ಮಾರುತಿ ಬಂತು. ಪದ್ಮಿನಿಯನ್ನು ಆಮೇಲೂ ಬಹಳ ವರ್ಷ ಟ್ಯಾಕ್ಸಿಯವರೇ ಸಾಕಿದರು. 2000ದ ಆಸುಪಾಸಿನಲ್ಲಿ ಕಾರು ತಯಾರಿಕೆಯೇ ನಿಂತಿತು. ಮಾವನ ಕಾರ್ಖಾನೆ ಅದಕ್ಕೂ ಸ್ವಲ್ಪ ಮೊದಲೇ ಬಾಗಿಲು ಹಾಕಿತ್ತು. ಇದ್ದವರು 38 ಜನ. ಆಗ ನೂರು ಜನರಿದ್ದರೆ ಮುಚ್ಚಲು ಸರಕಾರದ ಅನುಮತಿ ಬೇಕಿತ್ತು, ಐವತ್ತು ಜನರಿದ್ದರೆ 60 ದಿನದ ನೋಟಿಸು ಬೇಕಿತ್ತು. 38 ಜನರಿಗೆ ಎರಡೂ ಇರಲಿಲ್ಲ. ವರ್ಷಕ್ಕೆ 15 ದಿನದ ಲೆಕ್ಕದಲ್ಲಿ ಪರಿಹಾರ: ಇಪ್ಪತ್ತೆರಡು ವರ್ಷದ ದುಡಿಮೆಗೆ ಹನ್ನೊಂದು ತಿಂಗಳ ಸಂಬಳ. ಅದೂ ಮೂರು ಕಂತಿನಲ್ಲಿ ಬಂತು. ಅತ್ತೆಯ ಬಳೆ ಎರಡನೇ ಕಂತಿಗೆ ಮೊದಲೇ ಹೋಗಿತ್ತು.

ಮಾವ ಮತ್ತೆ ಹೋಟೆಲು ಸೇರಿದರು. ಈ ಸಲ ಗಲ್ಲಾದ ಮೇಲೆ, ಆದರೂ ಹೋಟೆಲೇ. ಊರಿಗೆ ಹೇಳಲಿಲ್ಲ. ವರ್ಷಾವಧಿ ನೇಮಕ್ಕೆ ಹೋಗುವಾಗ ಕಂಪನಿಯ ಖಾಕಿ ಅಂಗಿಯನ್ನು ಇಸ್ತ್ರಿ ಮಾಡಿಸಿ ಪೆಟ್ಟಿಗೆಯಲ್ಲಿಡುತ್ತಿದ್ದರು. ಅಜ್ಜಿ ತೀರಿಹೋಗುವವರೆಗೂ ಅವರ ಮಗ ಕಾರಿನ ಕಂಪನಿಯಲ್ಲೇ ಇದ್ದ. ನಾವು ಮಕ್ಕಳೂ ಆ ಸುಳ್ಳಿನಲ್ಲಿ ಪಾಲುದಾರರು. ನನಗೆ ಆಗ ಅದು ತಮಾಷೆಯಾಗಿತ್ತು, ಈಗ ಅಲ್ಲ.

ಮುಂಬಯಿಯಲ್ಲಿ ಟ್ಯಾಕ್ಸಿಗೆ 20 ವರ್ಷದ ಆಯುಸ್ಸು. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ. 2023ರ ಅಕ್ಟೋಬರಿಗೆ ಅದರ ಕತೆಯೂ ಮುಗಿಯಿತು. ಪತ್ರಿಕೆಗಳೆಲ್ಲ ಕಣ್ಣೀರು ಹಾಕಿದವು. ಬಾಂದ್ರಾ ಪೂರ್ವದ ನಮ್ಮ ಮನೆಗೆ ಬಂದಿದ್ದ ಮಾವನಿಗೆ ಮೊಬೈಲಿನಲ್ಲಿ ಒಂದು ಹಳೇ ಟ್ಯಾಕ್ಸಿಯ ಫೋಟೊ ತೋರಿಸಿದೆ. ಕನ್ನಡಕ ಏರಿಸಿ, ಬಾಗಿಲನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು.

"ಇದು ನಮ್ಮದಲ್ಲ" ಎಂದರು. "ಬೇರೆ ಹಾಕಿಸಿದ್ದಾರೆ."