ಮೈಸೂರು ಎಂಬ ಹಡಗು

ಐಎನ್‌ಎಸ್ ಮೈಸೂರು ಹುಟ್ಟಿದ್ದು ಇಂಗ್ಲೆಂಡಿನ ಟೈನ್ ನದಿಯ ದಂಡೆಯಲ್ಲಿ, ಎಚ್‌ಎಂಎಸ್ ನೈಜೀರಿಯಾ ಎಂಬ ಹೆಸರಿನಿಂದ. ವಿಕರ್ಸ್-ಆರ್ಮ್‌ಸ್ಟ್ರಾಂಗ್ಸ್ ಕಂಪನಿ ಕಟ್ಟಿದ ಈ ಕ್ರೂಸರ್ 1939ರ ಜುಲೈಯಲ್ಲಿ ನೀರಿಗಿಳಿದು, ಮರುವರ್ಷ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ನೌಕಾಪಡೆಯನ್ನು ಸೇರಿತು. ಸೇರಿದ್ದೇ ನೇರ ಯುದ್ಧದ ನಡುವಿಗೆ. 1942ರ ಆಗಸ್ಟ್ 12ರಂದು, ಮಾಲ್ಟಾ ದ್ವೀಪಕ್ಕೆ ಸಾಮಗ್ರಿ ಒಯ್ಯುವ ಹಡಗುಗಳಿಗೆ ಬೆಂಗಾವಲಾಗಿ ಹೊರಟಿದ್ದಾಗ, ಇಟಲಿಯ ಆಕ್ಸುಮ್ ಸಬ್‌ಮರೀನಿನ ಟಾರ್ಪಿಡೊ ಬಡಿದು 52 ಮಂದಿ ಸತ್ತರು. ಹಡಗು ಮಾತ್ರ ಮುಳುಗಲಿಲ್ಲ. ಹೇಗೋ ಜಿಬ್ರಾಲ್ಟರ್ ಮುಟ್ಟಿ, ಅಮೆರಿಕದಲ್ಲಿ ರಿಪೇರಿ ಮಾಡಿಸಿಕೊಂಡು ಮತ್ತೆ ಕೆಲಸಕ್ಕೆ ಹಾಜರಾಯಿತು.

1954ರಲ್ಲಿ ಭಾರತ ಇದನ್ನು ಕೊಂಡಿತು. ಬರ್ಕನ್‌ಹೆಡ್‌ನಲ್ಲಿ ದೊಡ್ಡ ದುರಸ್ತಿ ನಡೆಯಿತು. ನಾಲ್ಕು ಗೋಪುರಗಳಲ್ಲಿದ್ದ 12 ದೊಡ್ಡ ತೋಪುಗಳಲ್ಲಿ ಒಂದು ಗೋಪುರ ತೆಗೆದು 9 ಉಳಿಸಿದರು. 1957ರ ಆಗಸ್ಟ್ 29ರಂದು ಹಡಗು ಮೈಸೂರು ಎಂಬ ಹೆಸರಿನಲ್ಲಿ ಭಾರತದ ಸೇವೆಗೆ ಸೇರಿತು. ಲಾಂಛನಕ್ಕೆ ಒಡೆಯರ ಗಂಡಭೇರುಂಡ ಬಂತು.

ಸೆಕೆಂಡ್‌ಹ್ಯಾಂಡ್ ಎಂದು ಮೂಗು ಮುರಿಯುವುದು ಮುಂಬಯಿಯ ಕನ್ನಡಿಗರಿಗೆ ಒಪ್ಪುವ ಮಾತಲ್ಲ. ಈ ಲೇಖಕನ ಪೀಳಿಗೆ ಓದಿದ್ದೇ ಫ್ಲೋರಾ ಫೌಂಟನ್ನಿನ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ಕೊಂಡ ಹಳೆಯ ಪುಸ್ತಕಗಳಿಂದ. ಮೊದಲ ಪುಟದಲ್ಲಿ ಯಾರದೋ ಹೆಸರು ಹೊಡೆದುಹಾಕಿ ತಮ್ಮ ಹೆಸರು ಬರೆದರೆ ಪುಸ್ತಕ ಸ್ವಂತದ್ದಾಯಿತು. ಈ ಊರಿನಲ್ಲಿ ಮೈಸೂರಿಗೇನೂ ಬರವಿರಲಿಲ್ಲ. ಹೋಟೆಲಿನ ಕಾವಲಿಯ ಮೇಲೆ ಮೈಸೂರು ಮಸಾಲೆ, ಮಾಟುಂಗದಲ್ಲಿ ಮೈಸೂರು ಅಸೋಸಿಯೇಷನ್, ಚೆಂಬೂರಿನ ಆಚೆ ಮೈಸೂರು ಕಾಲೊನಿ. ಆದರೆ ತೋಪು ಹೊತ್ತ ಮೈಸೂರು ಇದೊಂದೇ. ನೌಕಾ ಸಪ್ತಾಹದಲ್ಲಿ ಹಡಗುಗಳು ಜನರಿಗೆ ತೆರೆದಿರುತ್ತಿದ್ದಾಗ ಅಪ್ಪನ ಜೊತೆ ಹೋದ ಹುಡುಗನಿಗೆ ಹಿಡಿಸಿದ್ದು ತೋಪಲ್ಲ, ಕಬ್ಬಿಣದ ಕಡಿದಾದ ಏಣಿ. ಇಳಿಯುವಾಗಲೂ ಮೆಟ್ಟಿಲಿಗೆ ಮುಖ ಮಾಡಿಯೇ ಇಳಿಯಬೇಕು. ಬೆನ್ನು ತಿರುಗಿಸಿದವನಿಗೆ ನಾವಿಕರ ಗದರಿಕೆ ಖಚಿತ.

ಹಡಗಿನ ನಡೆಯೂ ಸದಾ ಸೌಮ್ಯವಾಗಿರಲಿಲ್ಲ. 1959ರಲ್ಲಿ ಸಿಲೋನ್ ಬಳಿಯ ಸಮರಾಭ್ಯಾಸದಲ್ಲಿ ಬ್ರಿಟಿಷರದೇ ಹೋಗ್ ಎಂಬ ಡಿಸ್ಟ್ರಾಯರಿಗೆ ಡಿಕ್ಕಿ ಹೊಡೆದು ಅದರ ಮುಂಭಾಗವನ್ನು ನುಜ್ಜುಗುಜ್ಜು ಮಾಡಿತು. ಹತ್ತು ವರ್ಷಗಳ ನಂತರ ಸ್ವಂತ ಪಡೆಯ ಡಿಸ್ಟ್ರಾಯರ್ ರಾಣಾಕ್ಕೂ ಡಿಕ್ಕಿ. 1971ರ ಯುದ್ಧದಲ್ಲಿ, ಮುಂಬಯಿಯ ಜನ ಬ್ಲ್ಯಾಕ್‌ಔಟಿನಲ್ಲಿ ಕಿಟಕಿ ಗಾಜುಗಳಿಗೆ ಕಪ್ಪು ಕಾಗದ ಅಂಟಿಸಿ ಕೂತಿದ್ದಾಗ, ರಿಯರ್ ಅಡ್ಮಿರಲ್ ಕುರುವಿಲ್ಲಾ ಅವರ ನೇತೃತ್ವದ ಪಶ್ಚಿಮ ನೌಕಾದಳಕ್ಕೆ ಮೈಸೂರೇ ಧ್ವಜನೌಕೆ. ಮುಂದೆ ಕೆಡೆಟ್‌ಗಳ ತರಬೇತಿ ನೌಕೆಯಾಯಿತು.

1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಹಡಗು ಮೈಸೂರಾಗಿಯೇ ಉಳಿದು 1985ರ ಆಗಸ್ಟಿನಲ್ಲಿ ನಿವೃತ್ತಿಯಾಯಿತು.

1999ರ ಜೂನ್ 2ರಂದು ಅದೇ ಹೆಸರಿನ ಇನ್ನೊಂದು ಹಡಗು ಸೇವೆಗೆ ಬಂತು. ಲಾಂಛನ ಅದೇ ಗಂಡಭೇರುಂಡ, ಸಂಖ್ಯೆಯೂ ಅದೇ 60. 2008ರ ಡಿಸೆಂಬರಿನಲ್ಲಿ ಏಡನ್ ಕೊಲ್ಲಿಯಲ್ಲಿ 23 ಕಡಲ್ಗಳ್ಳರನ್ನು ಹಿಡಿದದ್ದು ಈ ಮೈಸೂರು. ಇದನ್ನು ಯಾರಿಂದಲೂ ಕೊಂಡದ್ದಲ್ಲ. ಮುಂಬಯಿಯ ಮಜಗಾಂವ್ ಡಾಕಿನಲ್ಲೇ ಕಟ್ಟಿದ್ದು. ಕೊಂಡ ಹಡಗುಗಳ ಮೇಲೆ ಪಳಗಿದ ನೌಕಾಪಡೆ ತನಗೆ ಬೇಕಾದ ಹಡಗನ್ನು ತಾನೇ ಕಟ್ಟಿಸಿಕೊಂಡಿತು. ಹಳೆಯ ನೈಜೀರಿಯಾಕ್ಕೆ ತೆತ್ತ ಹಣ ದಂಡವಾಗಲಿಲ್ಲ.